ಎಂಜಿನ್ ಆಯಿಲ್ ಕುಡಿಯುತ್ತಿದೆ: ಬಿಚ್ಚುವ ಮೊದಲು ನೋಡಬೇಕಾದ ಸಂಗತಿಗಳು

ಪ್ರಶ್ನೆ: ನನ್ನದು 2014ರ ಮಾದರಿಯ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈಗ 1,18,000 ಕಿ.ಮೀ. ಓಡಿದೆ. ನಾನು ಹಾಸನದವನು, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುತ್ತೇನೆ. ಆರು ತಿಂಗಳಿಂದ ಎಂಜಿನ್ ಆಯಿಲ್ ಕಡಿಮೆಯಾಗುತ್ತಿದೆ. ಕಳೆದ ಸರ್ವಿಸ್ ಆದ ಮೇಲೆ ಎರಡು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಒಂದು ಲೀಟರ್ ಹಾಕಬೇಕಾಯಿತು. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ತೊಟ್ಟೂ ಬಿದ್ದಿಲ್ಲ. ಪಿಕಪ್, ಮೈಲೇಜ್ ಎರಡೂ ಚೆನ್ನಾಗಿಯೇ ಇವೆ. ಒಬ್ಬ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಬೋರ್ ಕೆಲಸ (ಸಿಲಿಂಡರಿನ ಒಳಗೋಡೆಯನ್ನು ಕೊರೆದು ಸರಿಮಾಡುವುದು) ಮಾಡಿಸಲೇಬೇಕು, 65,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಇನ್ನೊಬ್ಬರು 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಹಾಕಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಆಯಿಲ್ ಯಾವ ದಾರಿಯಿಂದ ಹೋಗುತ್ತಿದೆ ಎಂಬುದನ್ನು ಇಬ್ಬರೂ ನೋಡಿಲ್ಲ. ಆ ದಾರಿ ಗೊತ್ತಾಗುವವರೆಗೆ ನೀವು ಮಾಡಬೇಕಾದ ಕೆಲಸ ಒಂದೇ: ಪ್ರತಿ 500 ಕಿ.ಮೀ.ಗೊಮ್ಮೆ, ಜೊತೆಗೆ ಘಾಟಿಯ ಪ್ರಯಾಣಕ್ಕೆ ಹೊರಡುವ ಪ್ರತಿ ಬೆಳಿಗ್ಗೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ ಕಡಿಮೆಯಾದಷ್ಟನ್ನು ತುಂಬಿಸುವುದು. ಆಯಿಲ್ ಸ್ವಲ್ಪ ಸುಟ್ಟುಹೋಯಿತೆಂದು ಎಂಜಿನ್ ಕೆಡುವುದು ಬಲು ಅಪರೂಪ. ಸುಟ್ಟುಹೋದದ್ದನ್ನು ಯಾರೂ ಗಮನಿಸದೆ, ಕಡಿಮೆ ಆಯಿಲ್‌ನಲ್ಲಿಯೇ ಓಡಿಸಿ ಕೆಟ್ಟ ಎಂಜಿನ್‌ಗಳನ್ನು ಮಾತ್ರ ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನಿಮ್ಮಂತಹ ಕಾರಿನ ಎಂಜಿನ್ ಹಿಡಿಯುವುದೇ ಮೂರು, ಮೂರೂವರೆ ಲೀಟರ್ ಆಯಿಲ್. ಅದರಲ್ಲಿ ಒಂದು ಲೀಟರ್ ಹೋದರೆ ಮೂರನೆಯ ಒಂದು ಪಾಲು ಹೋದಂತೆ. ಅಷ್ಟು ಕಡಿಮೆಯಿರುವಾಗ ಘಾಟಿಯ ತಿರುವಿನಲ್ಲಿ ಕಾರು ವಾಲಿದರೆ ಎಂಜಿನ್ ತಳದ ತೊಟ್ಟಿಯಾದ ಸಂಪಿನಲ್ಲಿರುವ ಆಯಿಲ್ ಒಂದು ಬದಿಗೆ ಸರಿದು, ಪಂಪ್ ಆಯಿಲ್ ಬದಲು ಗಾಳಿಯನ್ನು ಎಳೆದುಕೊಳ್ಳಬಹುದು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ಬೇರಿಂಗ್‌ಗಳಿಗೆ ಗೀರು ಬೀಳಲು ಅಷ್ಟು ಸಾಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡು ಎಚ್ಚರಿಸುತ್ತದೆ ಎಂದು ನಂಬಿ ಕೂರುವವರು ಬಹಳ ಮಂದಿ ಇದ್ದಾರೆ. ಸಾಮಾನ್ಯ ಕಾರುಗಳಲ್ಲಿ ಆ ದೀಪ ತೋರಿಸುವುದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗ್‌ಗಳು ಆಗಲೇ ಒಣಗಿರುತ್ತವೆ.

ಇನ್ನು ಅಳತೆಯ ವಿಷಯ. ಎರಡು ಸಾವಿರ ಕಿ.ಮೀ.ಗೆ ಒಂದು ಲೀಟರ್ ಎಂಬ ನಿಮ್ಮ ಲೆಕ್ಕ ಸರಿಯೇ ಇರಬಹುದು, ಆದರೆ ಸರ್ವಿಸ್‌ನಲ್ಲಿ ಪೂರ್ತಿ ಮಟ್ಟಕ್ಕೆ ತುಂಬಿಸಿದ್ದರು ಎಂಬುದಕ್ಕೆ ನಿಮ್ಮ ಬಳಿ ಸಾಕ್ಷಿಯಿಲ್ಲ. ಮೊದಲೇ ಅರ್ಧ ಲೀಟರ್ ಕಡಿಮೆ ಹಾಕಿ ಕಳುಹಿಸಿದ ಕಾರನ್ನು ಆಯಿಲ್ ಕುಡಿಯುವ ಕಾರೆಂದು ತಿಳಿದವರೂ ಇದ್ದಾರೆ. ಆದ್ದರಿಂದ ಹೊಸದಾಗಿ ಅಳೆಯಿರಿ. ಸಮತಟ್ಟಾದ ಒಂದು ಜಾಗವನ್ನು ಗೊತ್ತುಮಾಡಿಕೊಂಡು ಪ್ರತಿ ಸಲವೂ ಅಲ್ಲಿಯೇ ನಿಲ್ಲಿಸಿ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಮೇಲಿನ ಆಯಿಲ್ ಸಂಪಿಗೆ ಇಳಿಯಲು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಹೊರತೆಗೆದು ಒರೆಸಿ, ಪೂರ್ತಿ ಒಳಕ್ಕೆ ತೂರಿಸಿ, ಮತ್ತೆ ತೆಗೆದು ಎರಡೂ ಮಗ್ಗುಲು ನೋಡಿ. ಎರಡು ಮಗ್ಗುಲಲ್ಲಿ ಬೇರೆ ಬೇರೆ ಗೆರೆ ಕಂಡರೆ ಕೆಳಗಿನದನ್ನೇ ನಂಬಿ. ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ ಓಡೋಮೀಟರ್ ಬರೆದಿಡಿ. ಅಲ್ಲಿಂದ ಮುಂದೆ ಸೇರಿಸುವ ಆಯಿಲನ್ನೆಲ್ಲ ಮಿಲಿಲೀಟರ್ ಗೆರೆಯಿರುವ ಬಾಟಲಿಯಿಂದಲೇ ಹಾಕಿ. 1,000 ಕಿ.ಮೀ. ಆದಾಗ ಮತ್ತೆ ಮೇಲಿನ ಗುರುತಿಗೆ ತರಲು ಒಟ್ಟು ಎಷ್ಟು ಬೇಕಾಯಿತೋ ಅದೇ ನಿಮ್ಮ ಕಾರಿನ ನಿಜವಾದ ಲೆಕ್ಕ. ಮೇಲಿನ ಗುರುತನ್ನು ಮೀರಿ ಮಾತ್ರ ಹಾಕಬೇಡಿ, ಹೆಚ್ಚಾದ ಆಯಿಲ್ ತಾನಾಗಿಯೇ ಸುಡುವ ದಾರಿ ಹುಡುಕಿಕೊಳ್ಳುತ್ತದೆ.

ಎಷ್ಟು ಹೋದರೆ ಅತಿಯಾಯಿತು ಎಂಬ ಪ್ರಶ್ನೆಗೆ ತಯಾರಕರ ಉತ್ತರ ಕೇಳಿದರೆ ಅನೇಕರಿಗೆ ಅಚ್ಚರಿಯಾಗುತ್ತದೆ. 1,000 ಕಿ.ಮೀ.ಗೆ ಅರ್ಧ ಲೀಟರ್, ಕೆಲವೆಡೆ ಒಂದು ಲೀಟರ್‌ವರೆಗೂ ಸಹಜವೆಂದು ಕಾರಿನ ಕೈಪಿಡಿಗಳಲ್ಲೇ ಅಚ್ಚಾಗಿರುತ್ತದೆ. ಅದು ವಾರಂಟಿಯ ಹೊರೆ ತಪ್ಪಿಸಿಕೊಳ್ಳಲು ಹಾಕಿಕೊಂಡ ಗೆರೆಯೆಂಬುದು ನನ್ನ ಅಭಿಪ್ರಾಯ; ಆರೋಗ್ಯವಾಗಿರುವ ಸಣ್ಣ ಪೆಟ್ರೋಲ್ ಎಂಜಿನ್ ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ವರೆಗೆ ಮೇಲೆ ಹಾಕಿಸಿಕೊಳ್ಳದೆಯೇ ಓಡಬೇಕು. ಟೊಯೋಟಾದ 2.4 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲಿ ಈ ದೂರು ಹೆಚ್ಚಾದಾಗ ಕಂಪನಿ ಅಮೆರಿಕದಲ್ಲಿ 2006ರಿಂದ 2011ರ ನಡುವಿನ ಮಾದರಿಗಳಿಗೆ ವಾರಂಟಿ ವಿಸ್ತರಿಸಿ ಪಿಸ್ಟನ್ ಮತ್ತು ಅದರ ಸುತ್ತಲಿನ ರಿಂಗ್‌ಗಳನ್ನು ಬದಲಿಸಿಕೊಟ್ಟಿತು. ಅಲ್ಲಿ ಇಟ್ಟುಕೊಂಡ ಮಾನದಂಡ 1,200 ಮೈಲಿಗೆ ಒಂದು ಕ್ವಾರ್ಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1,930 ಕಿ.ಮೀ.ಗೆ 0.95 ಲೀಟರ್. ನಿಮ್ಮ ಕಾರು ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ ನಿಂತಿದೆ. ಕಾಯಿಲೆ ಇರುವುದು ನಿಜ, ಆದರೆ ನಾಳೆಯೇ ಎಂಜಿನ್ ಇಳಿಸುವಂತಹ ತುರ್ತು ಇಲ್ಲ.

ಈಗ ಆಯಿಲ್ ಹೋಗುವ ದಾರಿಗಳನ್ನು ನೋಡೋಣ. ನೆಲದ ಮೇಲೆ ತೊಟ್ಟು ಬಿದ್ದಿಲ್ಲವೆಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಹೇಳಲಾಗದು. ಎಂಜಿನ್ ಓಡುವಾಗ ಮಾತ್ರ ಒತ್ತಡದಿಂದ ಜಿನುಗಿ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಅಲ್ಲಿಯೇ ಆವಿಯಾಗುವ ಸೋರಿಕೆಯೂ ಉಂಟು; ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಸದ್ದಿಲ್ಲದೆ ಸೇರುವ ಸೋರಿಕೆಯೂ ಉಂಟು. ಒಮ್ಮೆ ಕಾರನ್ನು ಲಿಫ್ಟ್ ಮೇಲೇರಿಸಿ, ಆ ತಟ್ಟೆ ಬಿಚ್ಚಿಸಿ, ಕ್ರ್ಯಾಂಕ್‌ನ ಎರಡು ತುದಿಯ ಸೀಲ್‌ಗಳು, ಫಿಲ್ಟರಿನ ಬುಡ, ವಾಲ್ವ್ ಕವರಿನ ಅಂಚು ಎಲ್ಲವನ್ನೂ ಬಟ್ಟೆಯಿಂದ ಒರೆಸಿ ನೋಡಿಸಿ.

ಅದೇ ದಿನ ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಸಿ, ಸಿಲಿಂಡರ್‌ಗಳ ಕ್ರಮದಲ್ಲಿಯೇ ಒಂದು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಸಾಲಾಗಿ ಇಡಿಸಿ. ಈ ಸಾಲು ಹೇಳುವಷ್ಟನ್ನು ಯಾವ ಯಂತ್ರವೂ ಹೇಳದು. ತುದಿ ಒಣಗಿ ತಿಳಿ ಕಂದು ಬಣ್ಣದಲ್ಲಿದ್ದರೆ ಆ ಸಿಲಿಂಡರ್ ಚೆನ್ನಾಗಿದೆ. ತುದಿಯೇ ಕಪ್ಪಾಗಿ, ಬೆರಳಿಗೆ ಜಿಡ್ಡು ಅಂಟುವಂತೆ ಒದ್ದೆಯಾಗಿದ್ದರೆ, ಅಥವಾ ಒಂದು ಮಗ್ಗುಲಲ್ಲಿ ಬೂದಿಯಂತಹ ಬಿಳಿ ಹಕ್ಕಳೆ ಕಟ್ಟಿದ್ದರೆ, ಆ ಸಿಲಿಂಡರಿನೊಳಗೆ ಆಯಿಲ್ ಸುಡುತ್ತಿದೆ. ತುದಿ ಒಣಗಿದ್ದು ಮೇಲಿನ ಪಿಂಗಾಣಿ ಮತ್ತು ನಟ್ಟಿನ ಭಾಗ ಮಾತ್ರ ಆಯಿಲ್‌ನಲ್ಲಿ ಅದ್ದಿದಂತಿದ್ದರೆ ಅದು ಸುಡುವಿಕೆಯೇ ಅಲ್ಲ. ವಾಲ್ವ್ ಕವರಿನ ಗ್ಯಾಸ್ಕೆಟ್ ಅಥವಾ ಪ್ಲಗ್ ಕೊಳವೆಯ ಸೀಲ್ ಸೋರಿ ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದೆ, ಅಷ್ಟೆ. ಆ ರಬ್ಬರುಗಳನ್ನು ಬದಲಿಸುವುದು ಅರ್ಧ ದಿನದ ಕೆಲಸ.

ಮುಂದಿನದು ಪಿಸಿವಿ ವಾಲ್ವ್. ಸಿಲಿಂಡರಿನಿಂದ ರಿಂಗ್‌ಗಳ ಸಂದಿಯಲ್ಲಿ ನುಸುಳಿ ಕೆಳಗಿಳಿಯುವ ಅನಿಲವನ್ನು ಮತ್ತೆ ಇನ್‌ಟೇಕ್‌ಗೆ (ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ) ಕಳುಹಿಸಿ ಸುಡುವ ವ್ಯವಸ್ಥೆಯ ಬಾಗಿಲು ಅದು. ಬೆರಳ ಗಾತ್ರದ ಈ ಬಿಡಿಭಾಗ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಅನಿಲದ ಜೊತೆ ಆಯಿಲ್ ಹನಿಗಳನ್ನೂ ಇನ್‌ಟೇಕ್ ಎಳೆದುಕೊಳ್ಳುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸೀಲ್‌ಗಳಿಂದಲೂ ರಿಂಗ್‌ಗಳ ಕಡೆಯಿಂದಲೂ ಆಯಿಲನ್ನು ತಳ್ಳುತ್ತದೆ. ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದರೆ ಹೆಚ್ಚಿನ ವಾಲ್ವ್‌ಗಳು ಟಕಟಕ ಎನ್ನಬೇಕು. ಸದ್ದಿಲ್ಲದಿದ್ದರೆ ಜಿಡ್ಡು ಕಟ್ಟಿದೆ ಎಂದೇ ಲೆಕ್ಕ. ಅದರ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ, ಇನ್‌ಟೇಕ್ ಕೊಳವೆಯ ಒಳಗೋಡೆ ಆಯಿಲ್‌ನಿಂದ ತೊಯ್ದಿದೆಯೇ ಎಂದೂ ನೋಡಿಸಿ. ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಒಂದು ಕಾರಿಗೆ ಬೇರೊಂದು ಕಡೆ ಪೂರ್ತಿ ಎಂಜಿನ್ ಕೆಲಸ ಆಗಿತ್ತು, ಮಾಲೀಕರು ಸಾಲ ಮಾಡಿ ಹಣ ಕಟ್ಟಿದ್ದರು, ಆದರೂ ಆಯಿಲ್ ಮೊದಲಿನಷ್ಟೇ ಹೋಗುತ್ತಿತ್ತು. ಹಳೆಯ ಪಿಸಿವಿ ವಾಲ್ವನ್ನೇ ತೊಳೆಯದೆ ಹೊಸ ಎಂಜಿನ್‌ಗೆ ಜೋಡಿಸಿದ್ದರು. ಕೆಲವು ನೂರು ರೂಪಾಯಿಯ ಆ ಭಾಗ ಬದಲಿಸಿದ ಮೇಲೆ ದೂರು ಬರಲಿಲ್ಲ. ಆ ದಿನದಿಂದ ಇದನ್ನು ನೋಡದೆ ನಾನು ಮುಂದಿನ ಮಾತಿಗೆ ಹೋಗುವುದೇ ಇಲ್ಲ.

ನಿಮಗೆ ಶಿರಾಡಿಯ ದಾರಿ ಇರುವುದು ಪರೀಕ್ಷೆಗೆ ಅನುಕೂಲವೇ ಆಯಿತು. ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರುತ್ತೀರಿ. ಆಗ ಗಾಳಿಯ ಬಾಗಿಲಾದ ಥ್ರಾಟಲ್ ಮುಚ್ಚಿಕೊಂಡು ಇನ್‌ಟೇಕ್‌ನಲ್ಲಿ ನಿರ್ವಾತ ಬಹಳ ಹೆಚ್ಚಾಗುತ್ತದೆ. ವಾಲ್ವ್ ಕಾಂಡದ ಸುತ್ತಲಿನ ರಬ್ಬರ್ ಸೀಲ್‌ಗಳು ಗಡುಸಾಗಿದ್ದರೆ ಸಿಲಿಂಡರ್ ಹೆಡ್‌ನ ಆಯಿಲ್ ಆ ನಿರ್ವಾತಕ್ಕೆ ಕೆಳಗೆ ಎಳೆಯಲ್ಪಟ್ಟು ವಾಲ್ವಿನ ಬೆನ್ನ ಮೇಲೆ ಸೇರುತ್ತದೆ. ಗುಂಡ್ಯದ ಬಳಿ ದಾರಿ ಸಮತಟ್ಟಾಗಿ ನೀವು ಮತ್ತೆ ಆಕ್ಸಿಲರೇಟರ್ ಒತ್ತಿದ ಕ್ಷಣ ಹಿಂದಿನಿಂದ ಒಂದು ಮೋಡದಷ್ಟು ನೀಲಿ ಹೊಗೆ ಬಂದು ಕರಗಿಹೋಗುತ್ತದೆ. ಹಿಂದೆ ಇನ್ನೊಂದು ಕಾರಿನಲ್ಲಿ ಸ್ನೇಹಿತರನ್ನು ಬರಲು ಹೇಳಿ, ಅವರು ನೋಡಲಿ. ಘಾಟಿಯ ಹೊಗೆಯ ಜೊತೆಗೆ, ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಕೆಲವು ಸೆಕೆಂಡು ನೀಲಿ ಹೊಗೆ ಬಂದರೆ ವಾಲ್ವ್ ಸೀಲ್‌ಗಳ ಮೇಲೆಯೇ ಅನುಮಾನ ಗಟ್ಟಿಯಾಗುತ್ತದೆ. ಬೆಳಗಿನ ಹೊಗೆ ಇಲ್ಲದೆ, ಘಾಟಿ ಹತ್ತುವಾಗ ಎಂಜಿನ್ ಮೇಲೆ ಭಾರ ಬಿದ್ದಷ್ಟು ಹೊತ್ತೂ ಹೊಗೆ ಎಳೆಎಳೆಯಾಗಿ ಬರುತ್ತಿದ್ದರೆ ರಿಂಗ್‌ಗಳ ಕಡೆ ನೋಡಬೇಕು. ಹೊಗೆಯೇ ಕಾಣದಿದ್ದರೂ ಸಮಾಧಾನಪಡುವಂತಿಲ್ಲ. ನೀವು ಹೇಳುವ ಪ್ರಮಾಣದ ಆಯಿಲನ್ನು ಸೈಲೆನ್ಸರಿನೊಳಗಿನ, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಣ್ಣಿಗೆ ಕಾಣದಂತೆ ಸುಟ್ಟುಬಿಡಬಲ್ಲದು. ವಾಲ್ವ್ ಸೀಲ್‌ಗಳನ್ನು ಬದಲಿಸಲು ಸಿಲಿಂಡರ್ ಹೆಡ್ ಇಳಿಸಲೇಬೇಕೆಂದಿಲ್ಲ. ಪ್ಲಗ್ ರಂಧ್ರದಿಂದ ಗಾಳಿಯ ಒತ್ತಡ ಕೊಟ್ಟು, ಅಥವಾ ಮೆತ್ತನೆಯ ಹಗ್ಗ ತುಂಬಿಸಿ ಪಿಸ್ಟನ್ ಮೇಲೆತ್ತಿ, ವಾಲ್ವ್ ಕೆಳಗೆ ಬೀಳದಂತೆ ಹಿಡಿದುಕೊಂಡು ಕ್ಯಾಮ್‌ಶಾಫ್ಟ್ ಮಾತ್ರ ತೆಗೆದು ಮಾಡುವ ಕ್ರಮವನ್ನು ಅನುಭವಿ ಮೆಕ್ಯಾನಿಕ್‌ಗಳು ಬಲ್ಲರು.

ಪಿಕಪ್, ಮೈಲೇಜ್ ಚೆನ್ನಾಗಿವೆ ಎಂದಿದ್ದೀರಿ. ನನ್ನ ಊಹೆಯನ್ನು ಒಂದು ಕಡೆಗೆ ವಾಲಿಸಿದ್ದು ಅದೇ ಮಾತು, ಆದ್ದರಿಂದ ರಿಂಗ್‌ಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಸ್ಟನ್‌ಗೆ ಮೂರು ರಿಂಗ್‌ಗಳಿರುತ್ತವೆ. ಮೇಲಿನ ಎರಡು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹಿಡಿದಿಡುತ್ತವೆ. ಮೂರನೆಯದು ಸಿಲಿಂಡರ್ ಗೋಡೆಯ ಮೇಲಿನ ಹೆಚ್ಚಿನ ಆಯಿಲನ್ನು ಗೀರಿ ಕೆಳಗಿಳಿಸುವ ಆಯಿಲ್ ರಿಂಗ್. ಇದು ಎರಡು ತೆಳುವಾದ ಉಕ್ಕಿನ ಪಟ್ಟಿಗಳು, ನಡುವೆ ಅವನ್ನು ಹೊರಕ್ಕೆ ಒತ್ತುವ ಸುಕ್ಕುಸುಕ್ಕಾದ ಸ್ಪ್ರಿಂಗ್ ಸೇರಿ ಆಗಿರುವ ನಾಜೂಕಾದ ವಸ್ತು. ಗೀರಿದ ಆಯಿಲ್ ಪಿಸ್ಟನ್ ಒಳಕ್ಕೆ ಹರಿದುಹೋಗಲು ಅದರ ಹಿಂದೆ ಸಣ್ಣ ರಂಧ್ರಗಳಿರುತ್ತವೆ. ಘರ್ಷಣೆ ಕಡಿಮೆ ಮಾಡಿ ಮೈಲೇಜ್ ಹೆಚ್ಚಿಸುವ ಸಲುವಾಗಿ ಈಚಿನ ಎಂಜಿನ್‌ಗಳಲ್ಲಿ ಈ ರಿಂಗ್‌ಗಳನ್ನು ಹಿಂದಿಗಿಂತ ತೆಳುವಾಗಿ, ಕಡಿಮೆ ಬಿಗಿಯಲ್ಲಿ ಮಾಡುತ್ತಾರೆ. ಹಿಂದಿನ ಮಾಲೀಕರು ಆಯಿಲ್ ಬದಲಾವಣೆಯನ್ನು ಮುಂದೂಡುತ್ತ ಬಂದಿದ್ದರೆ, ಅಥವಾ ಕಾರು ಬಹುಕಾಲ ನಗರದ ಟ್ರಾಫಿಕ್‌ನಲ್ಲಿಯೇ ತೆವಳಿದ್ದರೆ, ಸುಟ್ಟ ಆಯಿಲ್ ಇಂಗಾಲವಾಗಿ ಈ ರಂಧ್ರಗಳಲ್ಲಿಯೂ ಸ್ಪ್ರಿಂಗಿನ ಸುಕ್ಕುಗಳಲ್ಲಿಯೂ ಗಟ್ಟಿಯಾಗಿ ಕೂರುತ್ತದೆ. ಆಗ ರಿಂಗ್ ಸವೆದಿರುವುದಿಲ್ಲ, ಬೋರ್ ಸವೆದಿರುವುದಿಲ್ಲ, ರಿಂಗ್ ಸುಮ್ಮನೆ ಅಂಟಿಕೊಂಡಿರುತ್ತದೆ.

ಅದಕ್ಕೇ ಕಂಪ್ರೆಷನ್ ಟೆಸ್ಟ್ ಒಂದನ್ನೇ ನೆಚ್ಚಬಾರದು. ಟೆಸ್ಟ್ ಮಾಡಿಸಿ, ಬೇಡವೆನ್ನುವುದಿಲ್ಲ: ಎಂಜಿನ್ ಬಿಸಿಯಿರುವಾಗ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಅಳೆದರೆ ಇಂತಹ ಎಂಜಿನ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಬರಬೇಕು, ಸಿಲಿಂಡರ್‌ಗಳ ನಡುವೆ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಸಣ್ಣ ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್ ಎಂಬುದು ಹಳೆಯ, ನಂಬಬಹುದಾದ ಕ್ರಮ. ಆದರೆ ಈ ಟೆಸ್ಟ್ ಅಳೆಯುವುದು ಮೇಲಿನ ಎರಡು ರಿಂಗ್‌ಗಳ ಕೆಲಸವನ್ನು. ಮೂರನೆಯ ರಿಂಗ್ ಪೂರ್ತಿ ಅಂಟಿಕೊಂಡಿದ್ದರೂ ಕಂಪ್ರೆಷನ್ ಹೊಸ ಕಾರಿನಂತೆ ಬರಬಹುದು. ಇದಕ್ಕಿಂತ ಹೆಚ್ಚು ಹೇಳುವುದು ಪ್ಲಗ್ ರಂಧ್ರದಿಂದ ಇಳಿಸುವ ಪುಟ್ಟ ಕ್ಯಾಮೆರಾ. ಅದರಲ್ಲಿ ಪಿಸ್ಟನ್‌ನ ತಲೆಯನ್ನು ನೋಡಿ. ಆರೋಗ್ಯವಾದ ಸಿಲಿಂಡರಿನಲ್ಲಿ ಅದರ ಮೇಲೆ ಒಣಗಿದ ಮಸಿ ಸಮನಾಗಿ ಹರಡಿರುತ್ತದೆ. ರಿಂಗ್ ದಾಟಿ ಆಯಿಲ್ ಮೇಲೇರುತ್ತಿದ್ದರೆ ನಡುವೆ ಕಪ್ಪಗಿದ್ದು, ಅಂಚಿನ ಸುತ್ತ ಮಾತ್ರ ತೊಳೆದಿಟ್ಟಂತೆ ಲೋಹ ಹೊಳೆಯುತ್ತಿರುತ್ತದೆ. ಹಾಗೆಯೇ ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಕೊರೆದ ಅಡ್ಡಗೆರೆಗಳ ಜಾಲ ಇನ್ನೂ ಕಾಣುತ್ತಿದ್ದು, ಮೇಲಿನಿಂದ ಕೆಳಕ್ಕೆ ಉದ್ದ ಗೀರುಗಳಿಲ್ಲದಿದ್ದರೆ, ಬೋರ್ ಕೆಲಸದ ಮಾತನ್ನು ಪಕ್ಕಕ್ಕಿಡಬಹುದು.

ಅಂಟಿಕೊಂಡ ರಿಂಗ್ ಎಂದು ಗೊತ್ತಾದರೆ ಬಿಚ್ಚುವ ಮೊದಲು ಪ್ರಯತ್ನಿಸಬಹುದಾದ ಒಂದು ಉಪಾಯವಿದೆ. ಪಿಸ್ಟನ್‌ಗಳನ್ನು ಮಧ್ಯದ ಎತ್ತರಕ್ಕೆ ತಂದು, ಪ್ಲಗ್ ರಂಧ್ರಗಳ ಮೂಲಕ ಇಂಗಾಲ ಕರಗಿಸುವ ದ್ರಾವಣವನ್ನು ಪ್ರತಿ ಸಿಲಿಂಡರಿಗೆ ಸ್ವಲ್ಪ ಸುರಿದು ರಾತ್ರಿಯಿಡೀ ನೆನೆಯಲು ಬಿಡುವುದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಬೆಳಿಗ್ಗೆ ದ್ರಾವಣ ಮೇಲೆಯೇ ನಿಂತಿದ್ದು, ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿದರೆ ದ್ರವವನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಉಳಿದ ದ್ರಾವಣವನ್ನು ಹೀರಿ ತೆಗೆದು, ಫ್ಯುಯಲ್ ಪಂಪಿನ ಫ್ಯೂಸ್ ಕಿತ್ತು, ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಹೊದಿಸಿ, ಪ್ಲಗ್‌ಗಳಿಲ್ಲದೆಯೇ ಎಂಜಿನ್ ತಿರುಗಿಸಿ ಎಲ್ಲವೂ ಹೊರಬಂದ ಮೇಲೆ ಮಾತ್ರ ಪ್ಲಗ್ ಹಾಕಬೇಕು. ಕೆಳಗಿಳಿದ ದ್ರಾವಣ ಆಯಿಲನ್ನು ತೆಳುವಾಗಿಸಿರುತ್ತದೆ, ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಇದರಿಂದ ಕೆಲವು ಕಾರುಗಳಲ್ಲಿ ಆಯಿಲ್ ಹೋಗುವುದು ಅರ್ಧಕ್ಕಿಳಿದದ್ದನ್ನು ಕಂಡಿದ್ದೇನೆ, ಕೆಲವುಗಳಲ್ಲಿ ಏನೂ ಆಗದ್ದನ್ನೂ ಕಂಡಿದ್ದೇನೆ. ಆಮೇಲೆ ಎರಡು ಮೂರು ಸಲ 5,000 ಕಿ.ಮೀ.ಗೇ ಆಯಿಲ್ ಬದಲಿಸುತ್ತ ಹೋದರೆ ಸಡಿಲಗೊಂಡ ಕೊಳೆ ಕ್ರಮೇಣ ಹೊರಬರುತ್ತದೆ. ಅಂಗಡಿಯಲ್ಲಿ ಸಿಗುವ, ಆಯಿಲ್ ದಪ್ಪವಾಗಿಸುವ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಅವು ಇಂಗಾಲವನ್ನು ಕರಗಿಸುವುದಿಲ್ಲ.

20ಡಬ್ಲ್ಯು-50ರ ಸಲಹೆಯನ್ನು ಒಪ್ಪದಿರಲು ಕಾರಣವಿದೆ. ಕೊನೆಯ ಅಂಕಿ ಆಯಿಲ್ ಬಿಸಿಯಾದಾಗಿನ ದಪ್ಪವನ್ನು ಹೇಳುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ದರ್ಜೆಯ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ), 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ನಿಮ್ಮ ಎಂಜಿನ್‌ನ ಆಯಿಲ್ ದಾರಿಗಳು, ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ಇದ್ದರೆ ಅದರ ಸೂಕ್ಷ್ಮ ಕಿಂಡಿಗಳು, 50ರ ದಪ್ಪಕ್ಕೆ ಮಾಡಿದವಲ್ಲ. ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಕ್ಯಾಮ್‌ವರೆಗೆ ಆಯಿಲ್ ತಲುಪುವುದೂ ತಡವಾಗುತ್ತದೆ. ಕೈಪಿಡಿಯಲ್ಲಿ 30 ಮತ್ತು 40 ಎರಡೂ ದರ್ಜೆಗಳಿಗೆ ಅನುಮತಿಯಿದ್ದರೆ ಮಾತ್ರ 5ಡಬ್ಲ್ಯು-40 ಸಿಂಥೆಟಿಕ್ ಆಯಿಲ್‌ಗೆ ಹೋಗಿ. ಜೊತೆಗೆ ಅದರ ವಿವರಪಟ್ಟಿಯಲ್ಲಿ ನೋವಾಕ್ ಎಂಬ ಅಂಕಿಯನ್ನು ಹುಡುಕಿ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಆಯಿಲ್‌ನ ಎಷ್ಟು ಪಾಲು ಆವಿಯಾಗುತ್ತದೆ ಎಂಬುದು ಅದು. ಈಗಿನ ತೆಳು ದರ್ಜೆಯ ಪೆಟ್ರೋಲ್ ಎಂಜಿನ್ ಆಯಿಲ್‌ಗಳಿಗೆ ಶೇ 15ರ ಮಿತಿಯಿದೆ, ಒಳ್ಳೆಯ ಸಿಂಥೆಟಿಕ್‌ಗಳಲ್ಲಿ ಇನ್ನೂ ಕಡಿಮೆ ಇರುತ್ತದೆ.

ಖರ್ಚಿನ ಲೆಕ್ಕವನ್ನೂ ನೋಡಿಬಿಡೋಣ. ವರ್ಷಕ್ಕೆ 15,000 ಕಿ.ಮೀ. ಓಡಿಸುತ್ತೀರಿ, ಆಯಿಲ್ ಲೀಟರಿಗೆ 500 ರೂಪಾಯಿ ಎಂದಿಟ್ಟುಕೊಂಡರೆ, ಏಳೂವರೆ ಲೀಟರಿಗೆ 3,750 ರೂಪಾಯಿ. ಹದಿನೇಳು ವರ್ಷ ಹೀಗೆಯೇ ಹಾಕಿದರೂ 65,000 ದಾಟದು. ಈ ಲೆಕ್ಕದಲ್ಲಿ ಬಿಟ್ಟುಹೋಗುವ ಒಂದು ಬಾಬ್ತು ಕ್ಯಾಟಲಿಟಿಕ್ ಕನ್ವರ್ಟರ್. ಆಯಿಲ್‌ನಲ್ಲಿರುವ ರಂಜಕ ಮತ್ತು ಸತು ಸುಟ್ಟು ಅದರ ಮೇಲ್ಮೈಯನ್ನು ಮುಚ್ಚುತ್ತ ಹೋಗುತ್ತವೆ, ಆಕ್ಸಿಜನ್ ಸೆನ್ಸರ್ ಕೂಡ ಮಂಕಾಗುತ್ತದೆ. ಹೊಗೆ ಪರೀಕ್ಷೆಯಲ್ಲಿ ಅಂಕಿಗಳು ಪ್ರತಿ ಸಲ ಏರುತ್ತಿದ್ದರೆ, ಅಥವಾ ಅಳತೆ 1,000 ಕಿ.ಮೀ.ಗೆ ಮುಕ್ಕಾಲು ಲೀಟರ್ ದಾಟಿದರೆ, ನಾನಾದರೆ ಎಂಜಿನ್ ಬಿಚ್ಚಿಸುತ್ತೇನೆ.

ಬಿಚ್ಚಿಸುವ ದಿನ ಬಂದರೆ ಬೋರ್ ಮಾಡುವ ನಿರ್ಧಾರವನ್ನು ಮಾತಿನಲ್ಲಿ ಒಪ್ಪಬೇಡಿ. ಸಿಲಿಂಡರಿನ ಒಳ ಅಗಲ ಅಳೆಯುವ ಬೋರ್ ಗೇಜ್ ಇಟ್ಟು ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು ನಿಮ್ಮೆದುರಿಗೆ ಬರೆಯಲಿ. ಆ ಅಂಕಿಗಳನ್ನು ತಯಾರಕರ ಮಿತಿಯ ಜೊತೆ ಹೋಲಿಸಲಿ. ಮಿತಿಯೊಳಗಿದ್ದರೆ ಹೋನಿಂಗ್ (ಗೋಡೆಯನ್ನು ಉಜ್ಜಿ ಅಡ್ಡಗೆರೆಗಳ ಜಾಲವನ್ನು ಮತ್ತೆ ಮೂಡಿಸುವುದು) ಮಾಡಿ ಮೂಲ ಅಳತೆಯ ಹೊಸ ಸ್ಟ್ಯಾಂಡರ್ಡ್ ರಿಂಗ್ ಹಾಕಿದರೆ ಸಾಕು, ಖರ್ಚು ಬಹಳ ಇಳಿಯುತ್ತದೆ. ಹೊಸ ರಿಂಗ್‌ಗಳನ್ನು ಮೊದಲು ಸಿಲಿಂಡರಿನೊಳಗೇ ಇಳಿಸಿ ತುದಿಗಳ ನಡುವಿನ ಸಂದಿಯನ್ನು ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಅಳೆಯಬೇಕು, ಪಿಸ್ಟನ್‌ಗೆ ಹಾಕುವಾಗ ಮೂರು ರಿಂಗ್‌ಗಳ ಸಂದಿಗಳು ಒಂದೇ ಸಾಲಿಗೆ ಬರಬಾರದು, ಆಯಿಲ್ ರಂಧ್ರಗಳನ್ನು ಒಂದೊಂದಾಗಿ ಬಿಡಿಸಿರಬೇಕು. ವಾಲ್ವ್ ಸೀಲ್‌ಗಳು ಮತ್ತು ಪಿಸಿವಿ ವಾಲ್ವ್ ಹೊಸದಾಗಲಿ. ಕೆಲಸ ಮುಗಿದ ಮೇಲೆ ಮೊದಲ 1,000 ಕಿ.ಮೀ. ರಿಂಗ್‌ಗಳು ಗೋಡೆಗೆ ಹೊಂದಿಕೊಳ್ಳುವ ಕಾಲ. ಆಗ ಸ್ವಲ್ಪ ಆಯಿಲ್ ಹೋದರೆ ಗಾಬರಿಪಡಬೇಡಿ. ಒಂದೇ ವೇಗದಲ್ಲಿ ಓಡಿಸದೆ ಏರಿಳಿಸುತ್ತ ಓಡಿಸಿ, 200 ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ನೋಡಿ, 1,000 ಆದೊಡನೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಮಂಗಳೂರಿನ ಪ್ರಯಾಣವನ್ನು ಅದಾದ ಮೇಲೆ ಇಟ್ಟುಕೊಳ್ಳಿ.